ಮಕ್ಕಳ ದೃಷ್ಟಿನರದ ದೋಷ: ಯಾವ ಪ್ರಶ್ನೆಗೆ ಯಾವ ಚಿತ್ರಪರೀಕ್ಷೆ?

ಡೊಂಬಿವಲಿ, ಮಾಟುಂಗಾ, ಪಿಂಪ್ರಿ-ಚಿಂಚವಡ ಅಥವಾ ವಾಸ್ಕೋದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಮಗುವಿನ ದೃಷ್ಟಿನರದ ವಿಚಾರ ಹೆಚ್ಚಾಗಿ ಎದುರಾಗುವುದು ಕನ್ನಡಕದ ನಂಬರ್ ತಪಾಸಣೆಯ ಹೊತ್ತಿನಲ್ಲಿ. ಬೋರ್ಡಿನ ಮೇಲಿನ ಅಕ್ಷರ ಕಾಣುವುದಿಲ್ಲವೆಂದೋ ಆಗಾಗ ತಲೆ ನೋಯುತ್ತದೆಂದೋ ಕರೆದೊಯ್ದ ಮಗುವಿನ ಕಣ್ಣಿನೊಳಗೆ ದೀಪ ಹಿಡಿದು ನೋಡಿದ ವೈದ್ಯರು ದೃಷ್ಟಿನರದ ತುದಿಯಾದ ಡಿಸ್ಕ್ ಉಬ್ಬಿದಂತಿದೆ, ಬಿಳಿಚಿಕೊಂಡಂತಿದೆ ಅಥವಾ ಚಿಕ್ಕದಾಗಿದೆ ಎಂದು ಹೇಳಿ, ಒಸಿಟಿ, ಬಿ-ಸ್ಕ್ಯಾನ್, ಎಂಆರ್‌ಐ ಎಂದು ಮೂರು ನಾಲ್ಕು ಪರೀಕ್ಷೆಗಳನ್ನು ಒಂದೇ ಚೀಟಿಯಲ್ಲಿ ಬರೆದುಕೊಡುತ್ತಾರೆ. ಅವುಗಳಲ್ಲಿ ಯಾವುದು ಇಂದೇ ಆಗಬೇಕು, ಯಾವುದು ಒಂದು ತಿಂಗಳು ಕಾಯಬಹುದು, ಯಾವುದರ ಅಗತ್ಯವೇ ಬೀಳದಿರಬಹುದು ಎಂಬ ಪ್ರಶ್ನೆಗೆ ಉತ್ತರ ಸಿಗದೆ ಪೋಷಕರು ದುಬಾರಿಯಾದ ಪರೀಕ್ಷೆಯೇ ಒಳ್ಳೆಯದೆಂದು ನಂಬಿ ಅಲ್ಲಿಂದ ಆರಂಭಿಸುತ್ತಾರೆ, ಇಲ್ಲವೇ ಸುಲಭವಾದದ್ದೊಂದನ್ನು ಮಾಡಿಸಿ ನಿಶ್ಚಿಂತರಾಗುತ್ತಾರೆ. ಎರಡರಲ್ಲೂ ಅಪಾಯವಿದೆ.

ಮಕ್ಕಳ ಕಣ್ಣಿನ ಚಿತ್ರ ತೆಗೆಯುವ ಯಂತ್ರಗಳ ಪಕ್ಕದಲ್ಲಿ ನಿಂತು ಕೆಲಸ ಮಾಡುವವನಾಗಿ ನಾನು ಕಂಡುಕೊಂಡಿರುವುದು ಇಷ್ಟು: ಈ ಪರೀಕ್ಷೆಗಳನ್ನು ಒಳ್ಳೆಯದು, ಇನ್ನೂ ಒಳ್ಳೆಯದು ಎಂಬ ಏಣಿಯ ಮೇಲೆ ನಿಲ್ಲಿಸುವುದರಿಂದ ಏನೂ ಪ್ರಯೋಜನವಿಲ್ಲ. ವೈದ್ಯರ ಮನಸ್ಸಿನಲ್ಲಿರುವ ಪ್ರಶ್ನೆ ಯಾವುದೆಂದು ಮೊದಲು ಸ್ಪಷ್ಟವಾಗಬೇಕು. ನರ ನಿಜವಾಗಿಯೂ ಊದಿದೆಯೋ, ಊದಿದಂತೆ ಕಾಣುತ್ತಿದೆಯಷ್ಟೆಯೋ? ಹುಟ್ಟಿನಿಂದಲೇ ಅದರ ರಚನೆ ಬೇರೆಯಾಗಿದೆಯೋ? ಅಥವಾ ಸರಿಯಾಗಿದ್ದ ನರ ನಿಧಾನವಾಗಿ ಸವೆಯುತ್ತಿದೆಯೋ? ಈ ಮೂರಕ್ಕೂ ಬೇಕಾಗುವ ಪರೀಕ್ಷೆಗಳು ಬೇರೆ ಬೇರೆ, ಅವುಗಳ ಅವಸರವೂ ಬೇರೆ ಬೇರೆ.

ನೋಡುತ್ತಿರುವುದು ಏನನ್ನು

ಕಣ್ಣಿನ ಒಳಪದರವಾದ ರೆಟಿನಾದಿಂದ ಹೊರಟ ಹತ್ತು ಲಕ್ಷಕ್ಕೂ ಹೆಚ್ಚು ನರದ ಎಳೆಗಳು ಒಂದೆಡೆ ಸೇರಿ ಕಣ್ಣಿನಿಂದ ಹೊರಬೀಳುವ ಜಾಗವನ್ನು ಆಪ್ಟಿಕ್ ಡಿಸ್ಕ್ ಎನ್ನುತ್ತಾರೆ. ಅದರ ಅಗಲ ಸುಮಾರು ಒಂದೂವರೆ ಮಿಲಿಮೀಟರ್ ಮಾತ್ರ. ದೃಷ್ಟಿನರ ಮಿದುಳಿನದೇ ಮುಂದುವರಿದ ಭಾಗವಾಗಿದ್ದು, ಮಿದುಳನ್ನು ಸುತ್ತುವರಿದಿರುವ ದ್ರವ ಈ ನರದ ಹೊದಿಕೆಯೊಳಗೂ ಇರುತ್ತದೆ. ಆದ್ದರಿಂದ ತಲೆಬುರುಡೆಯೊಳಗಿನ ಒತ್ತಡ ಏರಿದರೆ ಡಿಸ್ಕ್ ಊದುತ್ತದೆ. ಪ್ಯಾಪಿಲೆಡೀಮಾ ಎಂದು ಕರೆಯುವುದು ಇದನ್ನೇ. ಮಿದುಳಿನ ಗೆಡ್ಡೆ, ನೀರು ತುಂಬಿಕೊಳ್ಳುವುದು, ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು ಮುಂತಾದ ಕಾರಣಗಳು ಇದರ ಹಿಂದೆ ಇರಬಹುದಾದ್ದರಿಂದಲೇ ಉಬ್ಬಿದ ಡಿಸ್ಕ್ ಕಂಡ ವೈದ್ಯರು ಗಂಭೀರರಾಗುತ್ತಾರೆ.

ಮಕ್ಕಳ ವಿಷಯದಲ್ಲಿ ತೊಡಕು ಹೆಚ್ಚು. ಹುಟ್ಟಿದಾಗ ಸುಮಾರು 17 ಮಿ.ಮೀ. ಉದ್ದವಿರುವ ಕಣ್ಣುಗುಡ್ಡೆ ಬೆಳೆದು 23 ಮಿ.ಮೀ. ದಾಟುತ್ತದೆ, ಹೀಗೆ ಬೆಳೆಯುತ್ತಿರುವ ಕಣ್ಣಿಗೆ ದೊಡ್ಡವರ ಅಳತೆ ಹೊಂದುವುದಿಲ್ಲ. ಒಂದು ಕಣ್ಣಿನ ದೃಷ್ಟಿ ಕುಗ್ಗಿದರೆ ಚಿಕ್ಕ ಮಗುವಿಗೆ ಅದರ ಅರಿವೇ ಆಗುವುದಿಲ್ಲ. ಬಗ್ಗಿದಾಗ ಕ್ಷಣಕಾಲ ಕತ್ತಲಾಯಿತೆಂದು ಹತ್ತು ವರ್ಷದವನು ಹೇಳಿಯಾನು, ನಾಲ್ಕು ವರ್ಷದವಳು ಹೇಳಲಾರಳು. ಹೀಗಾಗಿ ಮಗು ಹೇಳಲಾಗದ್ದನ್ನು ತಿಳಿಯಲು ಚಿತ್ರಗಳನ್ನು ಹೆಚ್ಚು ಅವಲಂಬಿಸಬೇಕಾಗುತ್ತದೆ. ಆದರೆ ಅದೇ ಮಗು ಅಲುಗಾಡದೆ ಕುಳಿತು ಒಳ್ಳೆಯ ಚಿತ್ರಕ್ಕೆ ಸಹಕರಿಸುವುದು ಕಷ್ಟ.

ಯಂತ್ರಕ್ಕೆ ಮೊದಲು, ಮತ್ತು ಸಾದಾ ಫೋಟೊ

ಕಣ್ಣಿಗೆ ಡ್ರಾಪ್ಸ್ ಹಾಕಿ ಪಾಪೆ ಅಗಲಿಸಿ ವೈದ್ಯರು ತಾವೇ ಡಿಸ್ಕನ್ನು ನೋಡುವುದಕ್ಕೆ ಬದಲಿ ಇಲ್ಲ. ಆ ಡ್ರಾಪ್ಸ್ ಹಾಕಿದ ಮೇಲೆ ಅಳೆದ ಕನ್ನಡಕದ ನಂಬರ್ ಕೂಡ ದೃಷ್ಟಿನರದ ಪರೀಕ್ಷೆಯದೇ ಭಾಗ. ಪ್ಲಸ್ ನಂಬರ್ ಹೆಚ್ಚಿರುವ ಚಿಕ್ಕ ಕಣ್ಣಿನಲ್ಲಿ ನರದ ಎಳೆಗಳು ಇಕ್ಕಟ್ಟಾದ ಜಾಗದಿಂದ ಹೊರಡುವುದರಿಂದ ಡಿಸ್ಕ್ ಯಾವ ಕಾಯಿಲೆಯೂ ಇಲ್ಲದೆ ಉಬ್ಬಿದಂತೆ ತೋರುತ್ತದೆ. ಮೈನಸ್ ನಂಬರ್ ಹೆಚ್ಚಿದ್ದರೆ ಡಿಸ್ಕ್ ವಾಲಿದಂತೆ ಕಾಣುತ್ತದೆ. ಬಣ್ಣ ಗುರುತಿಸುವ ಪರೀಕ್ಷೆ, ಎರಡೂ ಪಾಪೆಗಳು ಬೆಳಕಿಗೆ ಒಂದೇ ರೀತಿ ಕುಗ್ಗುತ್ತವೆಯೇ ಎಂಬ ಪರೀಕ್ಷೆ, ಏಳೆಂಟು ವರ್ಷ ದಾಟಿದ ಮಕ್ಕಳಿಗೆ ದೃಷ್ಟಿಕ್ಷೇತ್ರದ ಪರೀಕ್ಷೆ, ಇವೂ ಮುಗಿದಿರಬೇಕು. ಪಾಪೆಯ ಪರೀಕ್ಷೆಯನ್ನು ಡ್ರಾಪ್ಸ್ ಹಾಕುವ ಮೊದಲೇ ಮಾಡಬೇಕೆಂಬುದನ್ನು ಗದ್ದಲದ ಹೊರರೋಗಿ ವಿಭಾಗಗಳಲ್ಲಿ ಕೆಲವೊಮ್ಮೆ ಮರೆಯಲಾಗುತ್ತದೆ. ಪೋಷಕರು ಕೇಳಿ ನೆನಪಿಸಿದರೆ ತಪ್ಪಿಲ್ಲ.

ಫಂಡಸ್ ಫೋಟೊ ಎಂಬ ಸಾದಾ ಬಣ್ಣದ ಚಿತ್ರಕ್ಕೆ ಸಿಗಬೇಕಾದ ಗೌರವ ಸಿಗುತ್ತಿಲ್ಲವೆಂಬುದು ನನ್ನ ಅಭಿಪ್ರಾಯ. ಅದಕ್ಕೆ ತಗಲುವ ಖರ್ಚು ಎಲ್ಲ ಪರೀಕ್ಷೆಗಳಿಗಿಂತ ಕಡಿಮೆ, ನೋವಿಲ್ಲ, ಮಿಂಚಿನಂತಹ ಒಂದು ಬೆಳಕಿಗೆ ಕೆಲಸ ಮುಗಿಯುತ್ತದೆ. ಡಿಸ್ಕಿನ ಬಣ್ಣ, ಅಂಚು, ಅದರ ಮೇಲೆ ಹಾಯುವ ರಕ್ತನಾಳಗಳು ಮಸುಕಾಗಿವೆಯೇ, ಸುತ್ತ ರಕ್ತದ ಕಲೆಗಳಿವೆಯೇ ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಆರು ವಾರದ ಬಳಿಕ ಬೇರೊಬ್ಬ ವೈದ್ಯರು ನೋಡಿದಾಗ ಹೋಲಿಸುವುದಕ್ಕೆ ಕೈಬರಹದ ಟಿಪ್ಪಣಿಗಿಂತ ಈ ಚಿತ್ರ ಎಷ್ಟೋ ಪಾಲು ಮೇಲು. ಗದ್ದವನ್ನು ಯಂತ್ರದ ಮೇಲೆ ಇರಿಸಿ ಕೂರಲಾರದ ಮಕ್ಕಳಿಗೆ ಕೈಯಲ್ಲಿ ಹಿಡಿಯುವ ಕ್ಯಾಮೆರಾಗಳಿವೆ. ಎಳೆಕೂಸುಗಳಿಗೆ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ರೆಟಿನಾ ತಪಾಸಣೆಗೆ ಬಳಸುವ ವಿಶಾಲಕೋನದ ಕ್ಯಾಮೆರಾ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಫಂಡಸ್ ಫೋಟೊದ ಕೊರತೆ ಒಂದೇ: ಚಿತ್ರ ಚಪ್ಪಟೆ. ಉಬ್ಬು ಎಷ್ಟು, ಉಬ್ಬಿನೊಳಗೆ ಏನಿದೆ ಎಂಬುದನ್ನು ಅದು ಹೇಳುವುದಿಲ್ಲ.

ಒಸಿಟಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

1991ರಲ್ಲಿ ಅಮೆರಿಕದ ಸಂಶೋಧಕರು ಮೊದಲ ಬಾರಿಗೆ ಪ್ರಕಟಿಸಿದ ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ, ಅಂದರೆ ಒಸಿಟಿ, ಬೆಳಕಿನ ಪ್ರತಿಫಲನವನ್ನು ಅಳೆದು ಕಣ್ಣಿನ ಒಳಪದರಗಳ ಅಡ್ಡಸೀಳನ್ನು ತೋರಿಸುತ್ತದೆ. ಅದರಲ್ಲಿ ಕ್ಷಕಿರಣವಿಲ್ಲ, ಚುಚ್ಚುವುದಿಲ್ಲ, ಕಣ್ಣನ್ನು ಮುಟ್ಟುವುದೂ ಇಲ್ಲ. ಇಂದಿನ ಯಂತ್ರಗಳು ಕೆಲವೇ ಮೈಕ್ರಾನ್‌ಗಳಷ್ಟು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಸೂಕ್ಷ್ಮವಾಗಿ ಪದರಗಳನ್ನು ಬೇರ್ಪಡಿಸಬಲ್ಲವು. ದೃಷ್ಟಿನರಕ್ಕಾಗಿ ಡಿಸ್ಕಿನ ಸುತ್ತ ಸುಮಾರು 3.4 ಮಿ.ಮೀ. ವ್ಯಾಸದ ವೃತ್ತದ ಮೇಲೆ ನರದ ಎಳೆಗಳ ಪದರದ ದಪ್ಪವನ್ನು ಅಳೆಯುತ್ತಾರೆ. ಆರೋಗ್ಯವಂತ ಮಕ್ಕಳಲ್ಲಿ ಇದರ ಸರಾಸರಿ ಸುಮಾರು 100 ಮೈಕ್ರಾನ್‌ಗಳ ಆಸುಪಾಸಿನಲ್ಲಿರುತ್ತದೆ.

ವರದಿಯಲ್ಲಿ ಹಸಿರು, ಹಳದಿ, ಕೆಂಪು ಬಣ್ಣಗಳು ಕಾಣುತ್ತವೆ. ಪೋಷಕರು ಮೊದಲು ನೋಡುವುದು ಅದನ್ನೇ, ಅತ್ಯಂತ ಎಚ್ಚರದಿಂದ ಓದಬೇಕಾದುದೂ ಅದನ್ನೇ. ಹೆಚ್ಚಿನ ಯಂತ್ರಗಳೊಳಗೆ ಕೂಡಿಸಿಟ್ಟಿರುವ ಹೋಲಿಕೆಯ ಅಂಕಿಗಳು ಹದಿನೆಂಟು ವರ್ಷ ದಾಟಿದವರಿಂದ ಪಡೆದವು. ಏಳು ವರ್ಷದ ಮಗುವಿನ ಕಣ್ಣನ್ನು ಯಂತ್ರ ಆ ದೊಡ್ಡವರ ಸಾಲಿನಲ್ಲಿ ನಿಲ್ಲಿಸಿ ಬಣ್ಣ ಹಚ್ಚುತ್ತದೆ ಅಥವಾ ಬಣ್ಣ ಹಚ್ಚಲು ನಿರಾಕರಿಸುತ್ತದೆ. ಇದರ ಮೇಲೆ ಕಣ್ಣಿನ ಉದ್ದದ ಪ್ರಭಾವವೂ ಸೇರುತ್ತದೆ. ಮೈನಸ್ ನಂಬರ್‌ನ ಉದ್ದ ಕಣ್ಣಿನಲ್ಲಿ ಅಳತೆಯ ವೃತ್ತ ಡಿಸ್ಕಿನಿಂದ ದೂರ ಬೀಳುವುದರಿಂದ ಪದರ ತೆಳುವಾಗಿ ತೋರುತ್ತದೆ, ಪ್ಲಸ್ ನಂಬರ್‌ನ ಗಿಡ್ಡ ಕಣ್ಣಿನಲ್ಲಿ ದಪ್ಪವಾಗಿ ತೋರುತ್ತದೆ. ಕೆಂಪು ಬಣ್ಣ ಕಂಡು ಮಗುವಿಗೆ, ಸಾಮಾನ್ಯವಾಗಿ ಕಣ್ಣಿನ ಒತ್ತಡ ಏರಿ ನರ ಸವೆಯುವ ಗ್ಲಾಕೋಮಾ ಬಂದಿದೆಯೆಂದು ಹೆದರಿ ಬಂದವರಲ್ಲಿ ಮೈನಸ್ ಆರು ಮೈನಸ್ ಏಳರ ಕನ್ನಡಕ ಹಾಕಿದ ಮಕ್ಕಳ ಪೋಷಕರೇ ಹೆಚ್ಚು. ಹಸಿರು ಬಣ್ಣವೂ ಅಷ್ಟೇ ದಾರಿ ತಪ್ಪಿಸಬಲ್ಲದು. ಊದಿದ ನರದಲ್ಲಿ ದಪ್ಪ ಇಳಿಯುತ್ತಾ ಸಹಜ ಅಂಕಿಗೆ ಬಂದಾಗ ಅದು ಗುಣವಾಗುತ್ತಿರುವ ಲಕ್ಷಣವಾಗಿರಬಹುದು, ಇಲ್ಲವೇ ಎಳೆಗಳು ಸತ್ತು ಪದರ ಕರಗುತ್ತಿರುವ ಲಕ್ಷಣವಾಗಿರಬಹುದು. ಎರಡರಲ್ಲೂ ಅಂಕಿ ಒಂದೇ. ಇವೆರಡನ್ನು ಬೇರ್ಪಡಿಸಲು ರೆಟಿನಾದ ನಡುಭಾಗದಲ್ಲಿ, ನರದ ಎಳೆಗಳು ಹುಟ್ಟುವ ಗ್ಯಾಂಗ್ಲಿಯನ್ ಕೋಶಗಳ ಪದರವನ್ನು ಪ್ರತ್ಯೇಕವಾಗಿ ಅಳೆಯಬೇಕು, ದೃಷ್ಟಿಯನ್ನೂ ಅದರೊಂದಿಗೆ ಇಟ್ಟು ನೋಡಬೇಕು. ದೃಷ್ಟಿನರದ ಊತಕ್ಕಾಗಿ ಒಸಿಟಿ ಮಾಡಿಸುವಾಗ ಈ ಎರಡನೆಯ ಅಳತೆಯೂ ಆಗಿದೆಯೇ ಎಂದು ಕೇಳುವುದು ಬಹಳ ಉಪಯುಕ್ತವಾದ ಪ್ರಶ್ನೆ.

ಯಾವ ವಯಸ್ಸಿಗೆ ಸಾಧ್ಯ? ನಾಲ್ಕೈದು ವರ್ಷದ ಅನೇಕ ಮಕ್ಕಳು ಸಹನೆಯಿಂದ ಹೇಳಿಕೊಟ್ಟರೆ ಕೂರುತ್ತಾರೆ, ಏಳರ ಬಳಿಕ ಬಹುತೇಕ ಎಲ್ಲರೂ ಮಾಡುತ್ತಾರೆ. ಯಂತ್ರದೊಳಗಿನ ಚಿಕ್ಕ ದೀಪವನ್ನು ಕೆಲವು ಕ್ಷಣ ಕಣ್ಣು ಕದಲಿಸದೆ ನೋಡುವುದಷ್ಟೇ ಮಗುವಿನ ಕೆಲಸ. ಇಲ್ಲಿ ಭಾಷೆಯ ಪಾತ್ರ ದೊಡ್ಡದು. ಮನೆಯಲ್ಲಿ ಕನ್ನಡ ಅಥವಾ ತುಳು ಮಾತನಾಡುವ ಐದು ವರ್ಷದ ಮಗುವಿಗೆ ತಂತ್ರಜ್ಞರು ಮರಾಠಿಯಲ್ಲೋ ಹಿಂದಿಯಲ್ಲೋ ಸೂಚನೆ ಕೊಡುತ್ತಾರೆ, ಮಗು ಅರ್ಥವಾಗದೆ ಅಮ್ಮನ ಕಡೆಗೆ ತಿರುಗುತ್ತದೆ, ಚಿತ್ರ ಹಾಳಾಗುತ್ತದೆ, ಮಗು ಸಹಕರಿಸಲಿಲ್ಲವೆಂದು ವರದಿಯಾಗುತ್ತದೆ. ತಾಯಿಯೋ ತಂದೆಯೋ ಯಂತ್ರದ ಪಕ್ಕದಲ್ಲೇ ನಿಂತು "ಪುಟ್ಟಾ, ಆ ಹಸಿರು ದೀಪಾನೇ ನೋಡ್ತಿರು, ಕಣ್ಣು ಮಿಟುಕಿಸಿ ಮತ್ತೆ ಅಲ್ಲೇ ನೋಡು" ಎಂದು ಮನೆಯ ಮಾತಿನಲ್ಲಿ ಹೇಳಲು ಅನುಮತಿ ಕೇಳಬೇಕು. ಹಿಂದಿನ ದಿನ ಮನೆಯಲ್ಲಿ ಟಾರ್ಚಿನ ಬೆಳಕೊಂದನ್ನು ಗೋಡೆಗೆ ಬಿಟ್ಟು ಆಟದಂತೆ ಅಭ್ಯಾಸ ಮಾಡಿಸಿದರೆ ಇನ್ನೂ ಒಳ್ಳೆಯದು. ಕಣ್ಣು ಓಲಾಡುವ ಮಕ್ಕಳಿಗೆ ಮತ್ತು ಕೂಸುಗಳಿಗೆ ಕೈಯಲ್ಲಿ ಹಿಡಿಯುವ ಒಸಿಟಿ ಇದೆಯಾದರೂ ಅದು ಎಲ್ಲೆಡೆ ಇಲ್ಲ. ಅರಿವಳಿಕೆಯಲ್ಲಿ ಬೇರೆ ಪರೀಕ್ಷೆ ನಡೆಯುವಾಗ ಅದನ್ನೂ ಸೇರಿಸಿಕೊಳ್ಳುವುದುಂಟು.

ನಿಜವಾದ ಊತವೋ, ಊತದ ತೋರಿಕೆಯೋ

ಹೋಲಿಕೆಯ ನಿಜವಾದ ಕಷ್ಟವಿರುವುದು ಇಲ್ಲಿ. ಪ್ಯಾಪಿಲೆಡೀಮಾದಂತೆ ಕಾಣುವ, ಆದರೆ ಮಿದುಳಿನ ಒತ್ತಡಕ್ಕೆ ಸಂಬಂಧವಿಲ್ಲದ ಉಬ್ಬು ಮಕ್ಕಳಲ್ಲಿ ಅಪರೂಪವೇನಲ್ಲ. ಅದಕ್ಕೆ ದೊಡ್ಡ ಕಾರಣ ಡ್ರೂಸನ್, ಅಂದರೆ ಡಿಸ್ಕಿನೊಳಗೆ ಕೂಡಿಕೊಳ್ಳುವ ಪುಟ್ಟ ಗಂಟುಗಳು. ದೊಡ್ಡವರಲ್ಲಿ ಅವು ಸುಣ್ಣಗಟ್ಟಿ ಮೇಲ್ಮೈಗೆ ಬಂದಿರುವುದರಿಂದ ಕಣ್ಣಿಗೇ ಕಾಣುತ್ತವೆ. ಮಕ್ಕಳಲ್ಲಿ ಅವು ಆಳದಲ್ಲಿ ಹುದುಗಿರುತ್ತವೆ, ಇನ್ನೂ ಸುಣ್ಣಗಟ್ಟಿರುವುದಿಲ್ಲ. ಡಿಸ್ಕ್ ಮಾತ್ರ ಉಬ್ಬಿರುತ್ತದೆ.

ಬಿ-ಸ್ಕ್ಯಾನ್ ಅಲ್ಟ್ರಾಸೌಂಡಿನಲ್ಲಿ ಮುಚ್ಚಿದ ರೆಪ್ಪೆಯ ಮೇಲೆ ಜೆಲ್ ಹಚ್ಚಿ ಉಪಕರಣವನ್ನು ಇಡುತ್ತಾರೆ. ಸುಣ್ಣಗಟ್ಟಿದ ಡ್ರೂಸನ್ ಹೊಳೆಯುವ ಬಿಳಿ ಚುಕ್ಕೆಯಾಗಿ ಕಾಣುತ್ತದೆ, ಯಂತ್ರದ ಸಂವೇದನೆಯನ್ನು ತಗ್ಗಿಸಿದರೂ ಉಳಿಯುತ್ತದೆ, ಅದರ ಹಿಂದೆ ನೆರಳು ಬೀಳುತ್ತದೆ. ಅದೇ ಪರೀಕ್ಷೆಯಲ್ಲಿ ನರದ ಹೊದಿಕೆ ಅಗಲವಾಗಿದೆಯೇ ಎಂದೂ ಅಳೆಯಬಹುದು. ಅಗಲವಾಗಿದ್ದರೆ ಸುತ್ತ ದ್ರವ ಹೆಚ್ಚಿರುವ ಸಂದೇಹ ಬರುತ್ತದೆ. ಅಗ್ಗ, ಶೀಘ್ರ, ಮೂರು ವರ್ಷದ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡೇ ಮಾಡಬಹುದು. ಆದರೆ ಸುಣ್ಣಗಟ್ಟದ ಡ್ರೂಸನ್ನನ್ನು ಅದು ತಪ್ಪಿಸಿಬಿಡುತ್ತದೆ, ಮಾಡುವವರ ಕೈಯ ಅನುಭವದ ಮೇಲೂ ಫಲಿತಾಂಶ ನಿಂತಿರುತ್ತದೆ. ಆದ್ದರಿಂದ ಬಿ-ಸ್ಕ್ಯಾನಿನಲ್ಲಿ ಡ್ರೂಸನ್ ಕಂಡರೆ ಅದಕ್ಕೆ ಬೆಲೆಯಿದೆ, ಕಾಣದಿದ್ದರೆ ಡ್ರೂಸನ್ ಇಲ್ಲವೆಂದು ಅರ್ಥವಾಗುವುದಿಲ್ಲ. ಬಣ್ಣದ ದ್ರವ ಕೊಡದೆಯೇ ಡ್ರೂಸನ್ ತಾನಾಗಿ ಹೊಳೆಯುವುದನ್ನು ಹಿಡಿಯುವ ಆಟೊಫ್ಲೋರೆಸೆನ್ಸ್ ಚಿತ್ರದ ಮಾತೂ ಇಂಥದೇ: ಮೇಲ್ಮೈಯ ಡ್ರೂಸನ್ ಹೊಳೆಯುತ್ತದೆ, ಆಳದ್ದು ಹೊಳೆಯುವುದಿಲ್ಲ.

ಒಸಿಟಿಯಲ್ಲಿ ಆಳದ ಚಿತ್ರ ತೆಗೆಯುವ ವಿಶೇಷ ವಿಧಾನವಿದ್ದು, ಹುದುಗಿದ ಡ್ರೂಸನ್ ಹುಡುಕಲು ಇಂದು ತಜ್ಞರು ಅದನ್ನೇ ಹೆಚ್ಚು ನೆಚ್ಚುತ್ತಾರೆ. ಡ್ರೂಸನ್ ಅದರಲ್ಲಿ ಒಳಗೆ ಕಪ್ಪು, ಅಂಚಿನಲ್ಲಿ ಬೆಳ್ಳಗೆ ಕಾಣುತ್ತದೆ. ಸಾದಾ ಒಸಿಟಿಯ ದಪ್ಪದ ಅಂಕಿ ಮಾತ್ರ ಈ ಪ್ರಶ್ನೆಗೆ ಸೋಲುತ್ತದೆ. ಸೌಮ್ಯ ಊತದಲ್ಲೂ ಇಕ್ಕಟ್ಟಾದ ಡಿಸ್ಕಿನಲ್ಲೂ ದಪ್ಪ ಒಂದೇ ಮಟ್ಟದಲ್ಲಿ ಏರಿರಬಹುದು. ಡಿಸ್ಕಿನ ಸುತ್ತ ಕಾಣುವ ಫಾಮ್ಸ್ ಎಂಬ ಅಂಡಾಕಾರದ ಬೆಳ್ಳನೆಯ ರಚನೆಗಳನ್ನು ಡ್ರೂಸನ್ ಎಂದು ಭಾವಿಸುವ ತಪ್ಪೂ ನಡೆಯುತ್ತದೆ. ಈ ರಚನೆಗಳು ಡ್ರೂಸನ್ ಜೊತೆಯಲ್ಲೂ, ವಾಲಿದ ಡಿಸ್ಕಿನಲ್ಲೂ, ನಿಜವಾದ ಪ್ಯಾಪಿಲೆಡೀಮಾದಲ್ಲೂ ಇರಬಲ್ಲವು. ಆದ್ದರಿಂದ ಅವು ಕಂಡವೆಂಬ ಒಂದೇ ಆಧಾರದ ಮೇಲೆ ಮಿದುಳಿನ ತಪಾಸಣೆಯನ್ನು ಕೈಬಿಡುವಂತಿಲ್ಲ.

ಫ್ಲೋರೆಸೀನ್ ಆಂಜಿಯೊಗ್ರಫಿಯಲ್ಲಿ ಹಳದಿ ಬಣ್ಣದ ದ್ರವವನ್ನು ರಕ್ತನಾಳಕ್ಕೆ ಕೊಟ್ಟು ಸರಣಿ ಚಿತ್ರಗಳನ್ನು ತೆಗೆಯುತ್ತಾರೆ. ನಿಜವಾಗಿ ಊದಿದ ಡಿಸ್ಕಿನಿಂದ ಬಣ್ಣ ಸೋರುತ್ತದೆ. ಡ್ರೂಸನ್ ಇರುವ ಡಿಸ್ಕಿನಲ್ಲಿ ಬಣ್ಣ ಅಂಟಿಕೊಂಡು ಹೊಳೆದರೂ ಸೋರುವುದಿಲ್ಲ. ಇವೆರಡನ್ನು ಬೇರ್ಪಡಿಸುವುದರಲ್ಲಿ ಇದು ಬಲವಾದ ಪರೀಕ್ಷೆ. ಸೂಜಿ, ಕೆಲವರಿಗೆ ವಾಕರಿಕೆ, ಒಂದು ದಿನ ಹಳದಿಯಾಗುವ ಚರ್ಮ ಮತ್ತು ಮೂತ್ರ, ಅಪರೂಪಕ್ಕೆ ತೀವ್ರ ಅಲರ್ಜಿ ಇವುಗಳಿಂದಾಗಿ ಮಕ್ಕಳಲ್ಲಿ ಇದನ್ನು ಮೊದಲಿಗೇ ಆರಿಸಿಕೊಳ್ಳುವುದಿಲ್ಲ. ಬಣ್ಣವನ್ನು ಕುಡಿಸಿ ಮಾಡುವ ವಿಧಾನವೂ ಇದೆ. ಉಳಿದ ಪರೀಕ್ಷೆಗಳು ಒಂದು ಮಾತಿಗೆ ಬರದಿದ್ದಾಗ, ಬೆನ್ನಿಗೆ ಸೂಜಿ ಹಾಕಿ ದ್ರವದ ಒತ್ತಡ ಅಳೆಯುವುದಕ್ಕೆ ಮುಂಚೆ ಇದನ್ನು ಮಾಡಿಸುವುದು ಯುಕ್ತವೆಂದು ನನಗನ್ನಿಸುತ್ತದೆ. 2020ರಲ್ಲಿ ಅಮೆರಿಕದ ನೇತ್ರವೈದ್ಯರ ಅಕಾಡೆಮಿ ಮಕ್ಕಳ ಈ ಪ್ರಶ್ನೆಯನ್ನೇ ಹಿಡಿದು ಲಭ್ಯ ಅಧ್ಯಯನಗಳನ್ನು ಪರಿಶೀಲಿಸಿತ್ತು; ಯಾವುದೇ ಒಂದು ಚಿತ್ರಪರೀಕ್ಷೆಯನ್ನು ಮಾತ್ರ ನಂಬಿ ತೀರ್ಮಾನಿಸುವಷ್ಟು ಆಧಾರ ಅದರಲ್ಲಿ ದೊರೆಯಲಿಲ್ಲ.

ಹಾಗಾದರೆ ಮಾಡುವುದೇನು? ಮಗುವಿಗೆ ಬೇರೆ ಯಾವ ತೊಂದರೆಯೂ ಇಲ್ಲದೆ, ದೃಷ್ಟಿ ಸರಿಯಾಗಿದ್ದು, ಉಬ್ಬು ಆಕಸ್ಮಿಕವಾಗಿ ಕಂಡಿದ್ದರೆ ಫೋಟೊ, ಆಳದ ಒಸಿಟಿ ಮತ್ತು ಬಿ-ಸ್ಕ್ಯಾನ್ ಮಾಡಿಸಿ, ಕೆಲವು ವಾರಗಳ ಬಳಿಕ ಅವನ್ನೇ ಮರಳಿ ಮಾಡಿಸುವುದು ಅನೇಕ ವೇಳೆ ಸರಿಯಾದ ದಾರಿ. ಡ್ರೂಸನ್ ವಾರಗಳಲ್ಲಿ ಬದಲಾಗುವುದಿಲ್ಲ, ಊತ ಬದಲಾಗುತ್ತದೆ. ಕಾಲವನ್ನೂ ಒಂದು ಪರೀಕ್ಷೆಯೆಂದೇ ಬಳಸುವ ಈ ಕ್ರಮದಿಂದ ಎಷ್ಟೋ ಮಕ್ಕಳು ಅನಗತ್ಯ ಎಂಆರ್‌ಐ ಮತ್ತು ಬೆನ್ನಿನ ಸೂಜಿಯಿಂದ ಪಾರಾಗುತ್ತಾರೆ. ತಂದೆತಾಯಿಯ ಕಣ್ಣುಗಳನ್ನೂ ಅದೇ ದಿನ ನೋಡಿಸುವುದು ಒಳ್ಳೆಯದು, ಏಕೆಂದರೆ ಡ್ರೂಸನ್ ಅನೇಕ ಕುಟುಂಬಗಳಲ್ಲಿ ವಂಶದಲ್ಲಿ ಹರಿದು ಬರುತ್ತದೆ.

ಕಾಯುವಂತಿಲ್ಲದ ಸಂದರ್ಭ

ಬೆಳಗಿನ ಜಾವ ಹೆಚ್ಚಾಗುವ ತಲೆನೋವು, ಎದ್ದ ಕೂಡಲೇ ವಾಂತಿ, ಒಂದು ವಸ್ತು ಎರಡಾಗಿ ಕಾಣುವುದು, ಹೊಸದಾಗಿ ಬಂದ ಮೆಳ್ಳೆಗಣ್ಣು, ಬಗ್ಗಿ ಎದ್ದಾಗ ಕ್ಷಣಕಾಲ ಕತ್ತಲಾಗುವುದು, ನಡಿಗೆಯಲ್ಲಿ ತಡವರಿಕೆ, ತೀರಾ ಮಂಪರು ಇವುಗಳಲ್ಲಿ ಯಾವುದಾದರೂ ಉಬ್ಬಿದ ಡಿಸ್ಕಿನ ಜೊತೆಗಿದ್ದರೆ ಕಣ್ಣಿನ ಚಿತ್ರಗಳ ಹೋಲಿಕೆಗೆ ಸಮಯ ಕಳೆಯಬಾರದು. ಆ ದಿನವೇ ಮಿದುಳಿನ ಚಿತ್ರ ಆಗಬೇಕು. ಒಸಿಟಿಯ ದಿನಾಂಕ ಮುಂದಿನ ವಾರ ಸಿಕ್ಕಿದೆಯೆಂದು ಕಾಯುತ್ತಾ ಕುಳಿತ ಮಗುವಿನ ದೃಷ್ಟಿಯನ್ನು ಮರಳಿ ತರಲಾಗದೆ ಹೋಗಬಹುದೆಂಬುದನ್ನು ಒತ್ತಿ ಹೇಳಬೇಕಾಗಿದೆ. ಕೆಲವೇ ದಿನಗಳಲ್ಲಿ ದೃಷ್ಟಿ ಕುಸಿದು, ಕಣ್ಣು ಆಡಿಸಿದರೆ ನೋವಿದ್ದರೆ ಅದು ನರದ ಉರಿಯೂತವಾಗಿರಬಹುದು, ಅದಕ್ಕೂ ತಡಮಾಡುವಂತಿಲ್ಲ.

ಸಿಟಿ ಮತ್ತು ಎಂಆರ್‌ಐ ನಡುವೆ ಆಯ್ಕೆ ಬಂದಾಗ, ಸಮಯವಿದ್ದರೆ ಎಂಆರ್‌ಐ. ಅದರಲ್ಲಿ ಕ್ಷಕಿರಣವಿಲ್ಲ, ದೃಷ್ಟಿನರ ಮತ್ತು ಮಿದುಳಿನ ಮೃದುಭಾಗಗಳು ಸ್ಪಷ್ಟವಾಗಿ ಕಾಣುತ್ತವೆ, ನರದ ಹೊದಿಕೆ ಹಿಗ್ಗಿರುವುದು, ಕಣ್ಣುಗುಡ್ಡೆಯ ಹಿಂಭಾಗ ಚಪ್ಪಟೆಯಾಗಿರುವುದು ಮುಂತಾದ ಒತ್ತಡದ ಗುರುತುಗಳೂ ಸಿಗುತ್ತವೆ. ಸಿಟಿಗೆ ಕೆಲವೇ ನಿಮಿಷ ಸಾಕು. ರಕ್ತಸ್ರಾವ, ತಲೆಗೆ ಪೆಟ್ಟು, ಒಮ್ಮೆಲೇ ಹದಗೆಟ್ಟ ಮಗು ಇಂತಹ ತುರ್ತಿನಲ್ಲಿ ಅದೇ ಸರಿ. ಸುಣ್ಣಗಟ್ಟಿದ ಡ್ರೂಸನ್ ಸಿಟಿಯಲ್ಲಿ ಕಾಣುತ್ತದಾದರೂ ಬರೀ ಅದನ್ನು ಹುಡುಕುವುದಕ್ಕಾಗಿ ಮಗುವನ್ನು ವಿಕಿರಣಕ್ಕೆ ಒಡ್ಡುವುದಕ್ಕೆ ಸಮರ್ಥನೆಯಿಲ್ಲ. ಊತಕ್ಕಾಗಿ ಎಂಆರ್‌ಐ ಬರೆದುಕೊಟ್ಟಾಗ ಮಿದುಳಿನ ಜೊತೆಗೆ ಕಣ್ಣಿನ ಗೂಡು ಮತ್ತು ಮಿದುಳಿನ ಅಭಿಧಮನಿಗಳ ಚಿತ್ರವಾದ ವೆನೊಗ್ರಾಮ್ ಸೇರಿದೆಯೇ ಎಂದು ಕೇಳಿಕೊಳ್ಳಬೇಕು. ಬಿಟ್ಟುಹೋದರೆ ಚಿಕ್ಕ ಮಗುವಿಗೆ ಎರಡನೆಯ ಬಾರಿ ಮಂಪರಿನ ಔಷಧ ಕೊಡಬೇಕಾಗುತ್ತದೆ. ಪರೀಕ್ಷೆಗೆ ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ಹಿಡಿಯುವುದರಿಂದ ಆರು ವರ್ಷದೊಳಗಿನ ಅನೇಕರಿಗೆ ಮಂಪರು ಅಥವಾ ಅರಿವಳಿಕೆ ಬೇಕಾಗುತ್ತದೆ. ಕೆಲವು ತಿಂಗಳ ಕೂಸಿಗೆ ಹಾಲುಣಿಸಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ನಿದ್ದೆಯಲ್ಲೇ ಮುಗಿಸುವ ಪದ್ಧತಿಯೂ ಇದೆ. ಮಗುವಿಗೆ ಕೇಳಿಸಲು ಕಿವಿಯೊಳಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಅಥವಾ ಮೈಯೊಳಗೆ ಬೇರೆ ಲೋಹದ ಸಾಧನವಿದ್ದರೆ ಮೊದಲೇ ತಿಳಿಸಲೇಬೇಕು.

ಎಂಆರ್‌ಐ ಸಹಜವಾಗಿ ಬಂದರೂ ಒತ್ತಡ ಹೆಚ್ಚಿರುವ ಸಾಧ್ಯತೆ ಉಳಿಯುತ್ತದೆ. ಆಗ ಬೆನ್ನಿನಿಂದ ದ್ರವ ತೆಗೆದು ಒತ್ತಡ ಅಳೆಯುತ್ತಾರೆ. ಮಕ್ಕಳಲ್ಲಿ ಸಾಮಾನ್ಯವಾಗಿ 28 ಸೆಂ.ಮೀ. ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಹೆಚ್ಚೆಂದು ಎಣಿಸುತ್ತಾರೆ. ಮೊಡವೆಗಾಗಿ ಕೊಡುವ ಡಾಕ್ಸಿಸೈಕ್ಲಿನ್, ಮಿನೊಸೈಕ್ಲಿನ್, ಐಸೊಟ್ರೆಟಿನಾಯಿನ್, ಮಿತಿಮೀರಿದ ವಿಟಮಿನ್ ಎ, ಬೆಳವಣಿಗೆಯ ಹಾರ್ಮೋನ್ ಚುಚ್ಚುಮದ್ದು ಇವು ಒತ್ತಡ ಏರಿಸಬಲ್ಲವಾದ್ದರಿಂದ ಮಗು ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳ ಹೆಸರನ್ನೂ ಬರೆದುಕೊಂಡು ಹೋಗಬೇಕು.

ಹುಟ್ಟಿನಿಂದ ಬಂದ ರಚನೆಯ ದೋಷ

ಇಲ್ಲಿ ರೋಗ ಗುರುತಿಸುವುದು ಬಹುಮಟ್ಟಿಗೆ ವೈದ್ಯರ ಕಣ್ಣು ಮತ್ತು ಫೋಟೊ. ಒಸಿಟಿಯದು ಪೋಷಕ ಪಾತ್ರ. ದೃಷ್ಟಿನರ ಪೂರ್ತಿ ಬೆಳೆಯದ ಹೈಪೊಪ್ಲೇಸಿಯಾದಲ್ಲಿ ಡಿಸ್ಕ್ ಚಿಕ್ಕದಾಗಿದ್ದು, ಸುತ್ತ ಇನ್ನೊಂದು ಉಂಗುರವಿದ್ದಂತೆ ತೋರುತ್ತದೆ. ಎರಡೂ ಕಣ್ಣುಗಳಲ್ಲಿದ್ದರೆ ಮೊದಲ ಕೆಲವು ತಿಂಗಳಲ್ಲೇ ಕೂಸಿನ ಕಣ್ಣು ಓಲಾಡತೊಡಗುತ್ತದೆ. ಈ ಮಕ್ಕಳಿಗೆ ಎಂಆರ್‌ಐ ಬೇಕಾಗುವುದು ಮಿದುಳಿನ ನಡುಭಾಗ ಮತ್ತು ಹಾರ್ಮೋನುಗಳನ್ನು ನಿಯಂತ್ರಿಸುವ ಪಿಟ್ಯುಟರಿ ಗ್ರಂಥಿಯನ್ನು ನೋಡುವುದಕ್ಕಾಗಿ. ಎಂಆರ್‌ಐ ಸರಿಯಾಗಿದ್ದರೂ ಹಾರ್ಮೋನುಗಳ ರಕ್ತಪರೀಕ್ಷೆಯನ್ನು ಬಿಡಬಾರದು, ಏಕೆಂದರೆ ಗ್ರಂಥಿ ನೋಡಲು ಸರಿಯಾಗಿದ್ದೂ ಕೆಲಸದಲ್ಲಿ ಹಿಂದೆ ಬಿದ್ದಿರಬಹುದು. ಕಾಯಿಲೆಯನ್ನು ತಾಳಿಕೊಳ್ಳಲು ದೇಹಕ್ಕೆ ಬೇಕಾದ ಕಾರ್ಟಿಸಾಲ್ ಹಾರ್ಮೋನಿನ ಕೊರತೆಯಿರುವ ಮಗುವಿಗೆ ಸಾಮಾನ್ಯ ಜ್ವರವೂ ಪ್ರಾಣಾಪಾಯ ತರಬಲ್ಲದು. ನವಜಾತ ಶಿಶುವಾಗಿದ್ದಾಗ ಸಕ್ಕರೆ ಅಂಶ ಇಳಿದಿತ್ತೇ, ಕಾಮಾಲೆ ಬಹಳ ದಿನ ಉಳಿದಿತ್ತೇ ಎಂಬ ವಿವರ ಇಲ್ಲಿ ಅಮೂಲ್ಯ.

ಮಾರ್ನಿಂಗ್ ಗ್ಲೋರಿ ಎಂಬ ದೋಷದಲ್ಲಿ ಡಿಸ್ಕ್ ಅಗಲವಾಗಿ ಕೊಳವೆಯಂತೆ ಒಳಗಿಳಿದಿರುತ್ತದೆ, ಸಾಮಾನ್ಯವಾಗಿ ಒಂದೇ ಕಣ್ಣಿನಲ್ಲಿ. ಇದರೊಂದಿಗೆ ಮಿದುಳಿನ ತಳದ ರಚನಾದೋಷ ಅಥವಾ ಮೋಯಾಮೋಯಾ ಎಂಬ ರಕ್ತನಾಳದ ಕಾಯಿಲೆ ಇರಬಹುದಾದ್ದರಿಂದ ಎಂಆರ್‌ಐ ಜೊತೆಗೆ ರಕ್ತನಾಳಗಳ ಚಿತ್ರವೂ ಬೇಕು. ಗರ್ಭದಲ್ಲಿ ಕಣ್ಣಿನ ಭಾಗ ಪೂರ್ತಿ ಕೂಡಿಕೊಳ್ಳದೆ ಉಳಿದ ಬಿರುಕಾದ ಕೊಲೊಬೋಮಾ ಇದ್ದರೆ ಹೃದಯ, ಕಿವಿ, ಮೂತ್ರಪಿಂಡಗಳ ತಪಾಸಣೆ ಆಗಬೇಕು. ಈ ಎರಡರಲ್ಲೂ ರೆಟಿನಾ ಕಳಚುವ ಅಪಾಯವಿರುವುದರಿಂದ ಒಸಿಟಿ ಅಲ್ಲಿ ಕಾವಲಿನ ಪರೀಕ್ಷೆಯಾಗಿ ಉಪಯೋಗಕ್ಕೆ ಬರುತ್ತದೆ.

ನಿಧಾನವಾಗಿ ಸವೆಯುವ ನರ

ಒಸಿಟಿಯ ನಿಜವಾದ ಬಲ ಕಾಣುವುದು ಇಲ್ಲಿ, ಒಂದೇ ಮಗುವಿನ ಅಂಕಿಯನ್ನು ಅದೇ ಮಗುವಿನ ಹಿಂದಿನ ಅಂಕಿಯೊಂದಿಗೆ ಇಟ್ಟು ನೋಡುವಾಗ. ಮೈಮೇಲೆ ಕಾಫಿ ಬಣ್ಣದ ಮಚ್ಚೆಗಳಿರುವ ನ್ಯೂರೊಫೈಬ್ರೊಮ್ಯಾಟೊಸಿಸ್ ಒಂದನೆಯ ಬಗೆಯ ಮಕ್ಕಳಲ್ಲಿ ಶೇ. 15ರಿಂದ 20 ಮಂದಿಗೆ ದೃಷ್ಟಿನರದ ಹಾದಿಯಲ್ಲಿ ಗ್ಲಯೋಮಾ ಗೆಡ್ಡೆ ಬೆಳೆಯುತ್ತದೆ, ಅವರಲ್ಲಿ ಎಲ್ಲರಿಗೂ ದೃಷ್ಟಿ ಹೋಗುವುದಿಲ್ಲ. ಲಕ್ಷಣವಿಲ್ಲದ ಮಗುವಿಗೆ ವರ್ಷವರ್ಷವೂ ಎಂಆರ್‌ಐ ಮಾಡಿಸುವುದಕ್ಕಿಂತ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಮತ್ತು ಸಾಧ್ಯವಾದರೆ ಒಸಿಟಿ ಮಾಡಿಸಿ, ಅದರಲ್ಲಿ ಬದಲಾವಣೆ ಕಂಡಾಗ ಎಂಆರ್‌ಐಗೆ ಹೋಗುವುದು ಒಪ್ಪಿತವಾದ ಕ್ರಮ. ಗ್ಲಾಕೋಮಾದಲ್ಲಿ ಕೂಸುಗಳಿಗೆ ಕಣ್ಣಿನ ಒತ್ತಡ, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಅಗಲ, ಕಣ್ಣುಗುಡ್ಡೆಯ ಉದ್ದ ಇವೇ ಮುಖ್ಯ. ದೊಡ್ಡ ಮಕ್ಕಳಿಗೆ ಒಸಿಟಿ ಸೇರುತ್ತದೆ. ಕಣ್ಣು ತುರಿಕೆಗೆಂದು ಔಷಧದ ಅಂಗಡಿಯಿಂದ ತಂದ ಸ್ಟಿರಾಯ್ಡ್ ಡ್ರಾಪ್ಸನ್ನು ತಿಂಗಳುಗಟ್ಟಲೆ ಹಾಕಿದ ಮಕ್ಕಳಲ್ಲಿ ಕಣ್ಣಿನ ಒತ್ತಡ ಏರಿ ನರ ಸವೆಯುವುದು ತಡೆಯಬಹುದಾದ ನಷ್ಟವಾದ್ದರಿಂದ ಅಂಥ ಡ್ರಾಪ್ಸ್ ಬಳಕೆಯನ್ನು ವೈದ್ಯರಿಂದ ಮುಚ್ಚಿಡಬಾರದು.

ಇಲ್ಲಿ, ನಮ್ಮ ಊರುಗಳಲ್ಲಿ

ಮುಂಬಯಿಯಲ್ಲಿ ಪರೇಲದ ಕೆಇಎಂ, ಭಾಯಖಳಾದ ಜೆ.ಜೆ., ಪುಣೆಯ ಸಸೂನ್, ಗೋವಾದ ಬಾಂಬೋಲಿಮ್ ವೈದ್ಯಕೀಯ ಕಾಲೇಜು ಇವು ಕಣ್ಣು, ಮಕ್ಕಳು ಮತ್ತು ರೇಡಿಯಾಲಜಿ ವಿಭಾಗಗಳನ್ನು ಒಂದೇ ಆವರಣದಲ್ಲಿ ಹೊಂದಿರುವ ಸರ್ಕಾರಿ ಹಾಗೂ ಪಾಲಿಕೆಯ ಆಸ್ಪತ್ರೆಗಳು. ಪರೇಲದಲ್ಲೇ ಮಕ್ಕಳಿಗಾಗಿಯೇ ಇರುವ ವಾಡಿಯಾ ಆಸ್ಪತ್ರೆಯೂ ಇದೆ. ಒತ್ತಡದ ಲಕ್ಷಣಗಳಿರುವ ಮಗುವನ್ನು ಯಂತ್ರಗಳು ಮಾತ್ರ ಇರುವ ಖಾಸಗಿ ಸ್ಕ್ಯಾನ್ ಕೇಂದ್ರಕ್ಕೆ ಒಯ್ಯುವುದಕ್ಕಿಂತ, ಸರದಿ ಉದ್ದವಾದರೂ ಇಂತಹ ಆಸ್ಪತ್ರೆಯ ತುರ್ತು ವಿಭಾಗಕ್ಕೆ ನೇರವಾಗಿ ಒಯ್ಯುವುದು ಮೇಲು, ಏಕೆಂದರೆ ವರದಿ ಬಂದ ಕ್ಷಣವೇ ಮುಂದಿನ ನಿರ್ಧಾರ ಮಾಡುವವರು ಅಲ್ಲಿರುತ್ತಾರೆ. ನಿಧಾನದ ಪ್ರಶ್ನೆಗಳಿಗೆ, ಅಂದರೆ ಡ್ರೂಸನ್ ಸಂದೇಹ ಅಥವಾ ವಾರ್ಷಿಕ ಒಸಿಟಿಗೆ, ಮಕ್ಕಳ ನೇತ್ರತಜ್ಞರಿರುವ ಖಾಸಗಿ ಅಥವಾ ದತ್ತಿ ಕಣ್ಣಾಸ್ಪತ್ರೆ ಅನುಕೂಲ.

ಮಹಾರಾಷ್ಟ್ರದ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಮತ್ತು ಗೋವಾದ ದೀನದಯಾಳ ಸ್ವಾಸ್ಥ್ಯ ಸೇವಾ ಯೋಜನೆಗಳು ಬಹುಮಟ್ಟಿಗೆ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗಳಿಗೆ ಅನ್ವಯಿಸುತ್ತವೆ. ಹೊರರೋಗಿಯಾಗಿ ಮಾಡಿಸುವ ಒಸಿಟಿಗೆ ಅವುಗಳಿಂದ ನೆರವು ಸಿಗುತ್ತದೆಂದು ಎಣಿಸಿಕೊಂಡು ಹೋಗಬಾರದು. ಗೋವಾದ ಯೋಜನೆಗೆ ಐದು ವರ್ಷಗಳ ವಾಸದ ದಾಖಲೆ ಬೇಕಾಗುವುದರಿಂದ, ವಿಜಯಪುರ, ಬಾಗಲಕೋಟೆ, ಗದಗದ ಕಡೆಯಿಂದ ದುಡಿಮೆಗಾಗಿ ಬಂದು ಝುವಾರಿನಗರದಲ್ಲಿ ನೆಲೆಸಿದ ಕುಟುಂಬಗಳು ಕಾಗದಪತ್ರಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ಹದಿನೆಂಟರವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ. ಅಲ್ಲಿ ಕಣ್ಣಿನ ದೋಷ ಗುರುತಿಸಿ ಮೇಲಿನ ಆಸ್ಪತ್ರೆಗೆ ಕಳುಹಿಸಿದರೆ ಆ ಚೀಟಿಯನ್ನು ಕಳೆಯದೆ ಜೊತೆಗೆ ಒಯ್ಯಬೇಕು.

ಊರು ಮತ್ತು ಮುಂಬಯಿಯ ನಡುವೆ ಓಡಾಡುವ ನಮ್ಮವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಮೇ ತಿಂಗಳ ರಜೆಯಲ್ಲಿ ಉಡುಪಿಗೋ ಹುಬ್ಬಳ್ಳಿಗೋ ಹೋದಾಗ ಅಲ್ಲಿಯ ಆಸ್ಪತ್ರೆಯಲ್ಲಿ ಇನ್ನೊಮ್ಮೆ ಒಸಿಟಿ ಮಾಡಿಸಿ, ಇಲ್ಲಿಯ 104 ಅಲ್ಲಿ 96 ಆಗಿದೆಯೆಂದು ಗಾಬರಿಯಾಗುತ್ತಾರೆ. ಬೇರೆ ಬೇರೆ ಕಂಪನಿಗಳ ಯಂತ್ರಗಳು ಪದರದ ಗಡಿಯನ್ನು ಬೇರೆ ಬೇರೆ ರೀತಿಯಲ್ಲಿ ಗುರುತಿಸುವುದರಿಂದ ಅವುಗಳ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಕಳೆಯುವಂತಿಲ್ಲ. ಮಗುವಿನ ಒಸಿಟಿಯನ್ನು ಪ್ರತಿ ಬಾರಿಯೂ ಒಂದೇ ಯಂತ್ರದಲ್ಲಿ ಮಾಡಿಸುವುದು ಉತ್ತಮ. ಅದು ಆಗದಿದ್ದರೆ ಯಂತ್ರದ ಹೆಸರು, ಚಿತ್ರದ ಗುಣಮಟ್ಟದ ಅಂಕಿ, ಆ ದಿನದ ಕನ್ನಡಕದ ನಂಬರ್ ಮತ್ತು ಸಾಧ್ಯವಾದರೆ ಕಣ್ಣುಗುಡ್ಡೆಯ ಉದ್ದ ಇಷ್ಟನ್ನಾದರೂ ಬರೆಸಿಕೊಳ್ಳಬೇಕು. ಫಂಡಸ್ ಫೋಟೊವನ್ನು ಕಪ್ಪುಬಿಳುಪಿನ ಮುದ್ರಣವಾಗಿ ಪಡೆಯದೆ ಬಣ್ಣದ ಮೂಲ ಚಿತ್ರವನ್ನು ಪೆನ್‌ಡ್ರೈವಿಗೋ ಇಮೇಲಿಗೋ ಹಾಕಿಸಿಕೊಳ್ಳಬೇಕು, ಎಂಆರ್‌ಐ ವರದಿಯ ಹಾಳೆಯ ಜೊತೆಗೆ ಸಿಡಿಯನ್ನೂ ಕೇಳಿ ಪಡೆಯಬೇಕು. ಹುಬ್ಬಳ್ಳಿಯಲ್ಲೋ ಮಣಿಪಾಲದಲ್ಲೋ ನೋಡುವ ವೈದ್ಯರಿಗೆ ಇವು ಕೈಯಲ್ಲಿದ್ದರೆ ಮಗುವನ್ನು ಮತ್ತೊಮ್ಮೆ ಮಂಪರಿಗೆ ಒಳಪಡಿಸದೆಯೇ ಮುಂದಿನ ಹೆಜ್ಜೆ ಹೇಳಲು ಸಾಧ್ಯವಾಗುತ್ತದೆ.